ಕಾರಿನ ಹೀಟರ್ ಹಾಕಿದರೆ ಕೆಟ್ಟ ವಾಸನೆಯೇ? ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಬಗೆ

ಹೋದ ವರ್ಷ ಪುಷ್ಯ ಮಳೆಯ ಹೊತ್ತಿಗೆ ಕೊಪ್ಪದಿಂದ ತೀರ್ಥಹಳ್ಳಿಗೆ ಹೊರಟಿದ್ದೆವು. ಮುಂದಿನ ಗಾಜಿಗೆ ಮಂಜು ಕಟ್ಟುತ್ತಿತ್ತು. ಹೀಟರ್ ಹಾಕಿದೆ. ಎರಡು ನಿಮಿಷ ಆಗಿರಬೇಕು, ಹೆಂಡತಿ "ರೀ, ಡಿಕ್ಕಿಯಲ್ಲಿ ಜೋನಿಬೆಲ್ಲದ ಡಬ್ಬಿ ಚೆಲ್ಲಿದೆಯಾ ನೋಡಿ" ಎಂದಳು. ನನಗೂ ಅದೇ ಅನ್ನಿಸಿತ್ತು. ಒಲೆ ಮೇಲಿಟ್ಟ ಬೆಲ್ಲದ ವಾಸನೆ. ನಿಲ್ಲಿಸಿ ನೋಡಿದರೆ ಡಬ್ಬಿ ಭದ್ರವಾಗಿಯೇ ಇತ್ತು.

ಗ್ಯಾರೇಜಿಗೆ ತೋರಿಸಿದೆ. ಎಸಿ ಫಿಲ್ಟರ್ ಬದಲಿಸಿ, ಒಳಗೆ ಮಲ್ಲಿಗೆ ಪರಿಮಳದ ಸ್ಪ್ರೇ ಹೊಡೆದು ಕಳಿಸಿದರು. ನಾಲ್ಕು ದಿನ ಮಲ್ಲಿಗೆ ವಾಸನೆ ಇತ್ತು. ಐದನೇ ದಿನ ಮಲ್ಲಿಗೆಯ ಜೊತೆ ಬೆಲ್ಲವೂ ಬಂತು. ಹೀಗೇ ಮೂರು ವಾರ ಓಡಿಸಿದೆ. ಆ ಮೂರು ವಾರದಲ್ಲಿ ಎಂಜಿನ್ ಎಷ್ಟು ಅಪಾಯದಲ್ಲಿತ್ತು ಎಂದು ಗೊತ್ತಾಗಿದ್ದು ಆಮೇಲೆ. ಬೇರೆಯವರಿಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ವರ್ಷದ ಹೆಚ್ಚಿನ ದಿನ ಹೀಟರ್ ಗುಂಡಿ ಮುಟ್ಟುವವರೇ ಕಡಿಮೆ. ಆರಿದ್ರಾ ಮಳೆ ಹಿಡಿದ ಮೇಲೆ, ಇಲ್ಲವೇ ಡಿಸೆಂಬರಿನ ಚಳಿಗೆ ಅದರ ನೆನಪಾಗುತ್ತದೆ. ಎಂಟು ತಿಂಗಳು ಒಳಗೆ ಕೂತಿದ್ದ ಧೂಳು, ತೇವ, ಇಲಿ ಗೂಡು, ಸಣ್ಣ ಸೋರಿಕೆ ಎಲ್ಲ ಆವತ್ತೇ ಮೂಗಿಗೆ ಬಡಿಯುತ್ತವೆ. ವಾಸನೆ ಮುಚ್ಚಲು ಪರ್ಫ್ಯೂಮ್ ಹಾಕಬೇಡಿ. ಹುಡುಕಲು ನಮಗಿರುವ ಸುಳಿವೇ ಆ ವಾಸನೆ.

ಈ ಎರಡಕ್ಕೆ ಕಾಯಬೇಡಿ

ಸೈಲೆನ್ಸರ್ ಹೊಗೆಯ ವಾಸನೆ ಕಾರಿನೊಳಗೆ ಬಂದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ. ಗಾಜುಗಳನ್ನೆಲ್ಲ ಇಳಿಸಿ, ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಎಲ್ಲರೂ ಇಳಿಯಿರಿ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮಗೆ ಗೊತ್ತಾಗುವುದು ಹೊಗೆಯ ಉಳಿದ ಭಾಗದ ವಾಸನೆ ಮಾತ್ರ. ತಲೆನೋವು, ವಾಕರಿಕೆ, ಕಾರಣವಿಲ್ಲದ ತೂಕಡಿಕೆ ಬಂದು, ಕಾರಿನಿಂದ ಇಳಿದ ಸ್ವಲ್ಪ ಹೊತ್ತಿಗೆ ಆರಾಮ ಅನ್ನಿಸಿದರೆ ಅನುಮಾನ ಪಡಲೇಬೇಕು.

ಇದಕ್ಕೆ ನಮ್ಮ ಕಡೆ ಒಂದು ಮಾಮೂಲಿ ಕಾರಣ ಇದೆ. ಅಡಿಕೆ ಮೂಟೆಯನ್ನೋ ಉದ್ದದ ಪಿವಿಸಿ ಪೈಪನ್ನೋ ಡಿಕ್ಕಿಗೆ ತುಂಬಿ, ಬಾಗಿಲನ್ನು ಅರ್ಧ ತೆರೆದು ಹಗ್ಗ ಕಟ್ಟಿ ಓಡಿಸುತ್ತೇವಲ್ಲ, ಆಗ ಕಾರಿನ ಹಿಂದೆ ಸುತ್ತುವ ಗಾಳಿ ಹೊಗೆಯನ್ನು ಒಳಗೇ ಎಳೆದು ತರುತ್ತದೆ. ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಹರಿದಿದ್ದರೂ ಇದೇ ಕಥೆ. ಎಂಜಿನ್ ಕಡೆಯಿಂದ ಬರುತ್ತಿದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಕೊಳವೆ) ಪ್ಯಾಕಿಂಗ್ ಹೋಗಿರಬಹುದು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗೆ ಟಪ್ ಟಪ್ ಶಬ್ದ ಬಂದು, ಬಿಸಿಯಾದ ಮೇಲೆ ಕಡಿಮೆಯಾಗುವುದು ಅದರ ಗುರುತು. ಹಳೆಯ ಡೀಸೆಲ್ ಕಾರುಗಳಲ್ಲಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಹೋದರೂ ಹೊಗೆ ಕ್ಯಾಬಿನ್ನಿಗೆ ಬರುತ್ತದೆ. ಇಂಜೆಕ್ಟರ್ ಬುಡದಲ್ಲಿ ಟಾರಿನಂತೆ ಕಪ್ಪಗೆ ಗಟ್ಟಿಯಾದ ಮಸಿ ಕಟ್ಟಿರುತ್ತದೆ. ಇವೆಲ್ಲ ಗ್ಯಾರೇಜಿನ ಕೆಲಸ. ನಮ್ಮ ಕೈಲಿರುವುದು ಇಷ್ಟು: ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಬಿಸಿ ಮಾಡಬಾರದು, ರಾತ್ರಿ ಹೀಟರ್ ಹಾಕಿಕೊಂಡು ನಿಂತ ಕಾರಿನಲ್ಲಿ ಮಲಗಬಾರದು.

ಎರಡನೆಯದು ಪೆಟ್ರೋಲ್ ವಾಸನೆ. ಬಂಕಿನಲ್ಲಿ ತುಂಬಿಸಿದ ಮೇಲೆ ಸ್ವಲ್ಪ ಹೊತ್ತು ಬಂದರೆ ಪರವಾಗಿಲ್ಲ. ಓಡುವಾಗ ಹೀಟರ್ ಗಾಳಿಯ ಜೊತೆ ಬರುತ್ತಿದ್ದರೆ ಬಾನೆಟ್ ಒಳಗೆ ಪೈಪ್ ಸೋರುತ್ತಿದೆ ಎಂದೇ ತಿಳಿಯಿರಿ. ಮತ್ತೆ ಸ್ಟಾರ್ಟ್ ಮಾಡಬೇಡಿ. ಟೋ ಮಾಡಿಸಿ.

ಏನನ್ನೂ ಬಿಚ್ಚುವ ಮೊದಲು

ಗಾಳಿ ಬರುವ ದಾರಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ವೈಪರ್ ಕೆಳಗಿನ ಜಾಲರಿಯಿಂದ ಹೊರಗಾಳಿ ಒಳಗೆ ಬರುತ್ತದೆ. ಫಿಲ್ಟರ್, ಬ್ಲೋವರ್ ಫ್ಯಾನ್ ದಾಟಿ ಮೊದಲು ಎಸಿಯ ಕೂಲಿಂಗ್ ಕಾಯಿಲ್, ಆಮೇಲೆ ಹೀಟರ್ ಕಾಯಿಲ್. ಅಲ್ಲಿಂದ ನಮ್ಮ ಮುಖಕ್ಕೆ, ಕಾಲಿಗೆ, ಗಾಜಿಗೆ. ಹೀಟರ್ ಕಾಯಿಲ್ ಅಂದರೆ ಡ್ಯಾಶ್‌ಬೋರ್ಡ್ ಹಿಂದೆ ಅಡಗಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನಿಂದ ಸುಮಾರು 90 ಡಿಗ್ರಿ ಬಿಸಿಯ ಕೂಲೆಂಟ್ (ಎಂಜಿನ್ ಕಾಯದಂತೆ ನೋಡಿಕೊಳ್ಳುವ ದ್ರವ) ಅದರೊಳಗೆ ಹರಿಯುತ್ತದೆ. ಬಹುತೇಕ ಕಾರುಗಳಲ್ಲಿ ನಾವು ಗುಂಡಿ ತಿರುಗಿಸಿದಾಗ ಬದಲಾಗುವುದು ಒಂದು ಚಿಕ್ಕ ಬಾಗಿಲು ಮಾತ್ರ. ಕೂಲೆಂಟ್ ಯಾವಾಗಲೂ ಹರಿಯುತ್ತಲೇ ಇರುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಮೂಗಿನ ಪರೀಕ್ಷೆ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ಆನ್ ಮಾಡಿ ಬ್ಲೋವರ್ ಹಾಕಿ. ಆಗಲೇ ವಾಸನೆ ಬಂದರೆ ತಪ್ಪು ಗಾಳಿ ಪೆಟ್ಟಿಗೆಯಲ್ಲೇ ಇದೆ: ಬೂಷ್ಟು, ಕೊಳೆತ ಎಲೆ, ಇಲಿ. ಬರದಿದ್ದರೆ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಲಿ. ಫ್ಯಾನ್ ಒಂದೇ ವೇಗದಲ್ಲಿಟ್ಟು ಗುಂಡಿಯನ್ನು ತಣ್ಣಗೆಯಿಂದ ಬಿಸಿಗೆ ತಿರುಗಿಸಿ. ಬಿಸಿಗೆ ಬಂದಾಗ ಮಾತ್ರ ವಾಸನೆ ಜಾಸ್ತಿಯಾದರೆ ಹೀಟರ್ ಕಾಯಿಲ್ ಮೇಲೆ ಕಣ್ಣಿಡಿ. ಕೊನೆಗೆ, ಕಾರಿನ ಚಿತ್ರದೊಳಗೆ ಬಾಗಿದ ಬಾಣ ಇರುವ ಗುಂಡಿ ಒತ್ತಿ. ಹೊರಗಾಳಿ ಬಂದ್ ಆಗಿ ಒಳಗಾಳಿಯೇ ಸುತ್ತುತ್ತದೆ. ಎರಡು ಮೂರು ನಿಮಿಷದಲ್ಲಿ ವಾಸನೆ ಇಳಿದರೆ ಅದು ಬಾನೆಟ್ ಕಡೆಯಿಂದ ಬರುತ್ತಿತ್ತು. ಇಳಿಯದೆ ಹೆಚ್ಚಿದರೆ ಒಳಗಿನದೇ.

ಇಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಾನು ಮೊದಲ ದಿನವೇ ಇದನ್ನು ಮಾಡಿದ್ದರೆ ಆ ಫಿಲ್ಟರ್ ದುಡ್ಡು ಉಳಿಯುತ್ತಿತ್ತು.

ಒದ್ದೆ ಗೋಣಿಚೀಲದ ವಾಸನೆ

ಮಲೆನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಈ ಮುಗ್ಗಲು ವಾಸನೆ. "ನಾನು ಎಸಿ ಹಾಕುವುದೇ ಇಲ್ಲ, ಹೀಟರ್ ಮಾತ್ರ" ಎನ್ನುವವರಿಗೂ ಬರುತ್ತದೆ. ಯಾಕೆಂದರೆ ಅನೇಕ ಕಾರುಗಳಲ್ಲಿ ಮುಂದಿನ ಗಾಜಿಗೆ ಗಾಳಿ ಬಿಡುವ ಗುಂಡಿ ತಿರುಗಿಸಿದರೆ ಎಸಿ ತಾನಾಗಿಯೇ ಆನ್ ಆಗುತ್ತದೆ. ಅದು ತಪ್ಪಲ್ಲ, ಗಾಳಿಯ ತೇವ ತೆಗೆಯುವುದು ಎಸಿಯೇ. ಆದರೆ ತೆಗೆದ ನೀರು ಕೂಲಿಂಗ್ ಕಾಯಿಲ್ ಮೇಲೆ ಕೂರುತ್ತದೆ. ಕತ್ತಲೆ, ತೇವ, ಧೂಳು ಒಟ್ಟಿಗೆ ಸೇರಿದರೆ ಬೂಷ್ಟಿಗೆ ಇನ್ನೇನು ಬೇಕು? ಹೀಟರಿಗೆ ಹೋಗುವ ಗಾಳಿಯೂ ಅದೇ ಕಾಯಿಲ್ ದಾಟಿಯೇ ಬರಬೇಕು.

ಮೊದಲು ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಕಳಚಿದರೆ ಹಿಂದೆಯೇ ಇರುತ್ತದೆ. ಕಡಿಮೆ ಬೆಲೆಯ ಕೆಲವು ಮಾಡೆಲ್‌ಗಳಲ್ಲಿ ಫಿಲ್ಟರ್ ಕೂರಿಸುವ ಜಾಗ ಇದ್ದರೂ ಕಂಪನಿಯಿಂದ ಫಿಲ್ಟರ್ ಬಂದಿರುವುದಿಲ್ಲ. ಅಂಥ ಕಾರಿನಲ್ಲಿ ಧೂಳೆಲ್ಲ ನೇರ ಕಾಯಿಲ್ ಮೇಲೆ. ಇದ್ದದ್ದು ಕಪ್ಪಾಗಿದ್ದರೆ, ಒದ್ದೆಯಾಗಿದ್ದರೆ ಬದಲಿಸಿ. ತೊಳೆದು ಹಾಕಬೇಡಿ, ಕಾಗದದ ಫಿಲ್ಟರ್ ತೊಳೆದರೆ ಹಾಳು. ವರ್ಷಕ್ಕೊಮ್ಮೆ, ಅದೂ ಮಳೆಗಾಲ ಮುಗಿದ ಕೂಡಲೇ ಬದಲಿಸುವುದು ನನ್ನ ಪದ್ಧತಿ.

ಆಮೇಲೆ ನೀರು ಹೋಗುವ ಪೈಪ್. ಎಸಿ ಹಾಕಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ. ಮಳೆಗಾಲದ ಗಾಳಿಯಲ್ಲಿ ಕಾರಿನ ಕೆಳಗೆ ನೀರು ತೊಟ್ಟಿಕ್ಕಲೇಬೇಕು. ತೊಟ್ಟಿಕ್ಕದಿದ್ದರೆ ಪೈಪ್ ಕಟ್ಟಿದೆ. ಕೆಸರು ಕಟ್ಟಿರಬಹುದು, ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ಒಳಗೆ ಸೇರಿರಬಹುದು. ಕೆಳಗಿನಿಂದ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ಹಾಕಿ ಬಿಡಿಸಿ. ಗಟ್ಟಿ ತಂತಿ ತೂರಿಸಿದರೆ ಒಳಗಿನ ಭಾಗಕ್ಕೆ ಪೆಟ್ಟಾಗುತ್ತದೆ. ವೈಪರ್ ಕೆಳಗಿನ ಜಾಲರಿಯಲ್ಲಿ ಸಿಲ್ವರ್ ಓಕ್ ಮರದ ಎಲೆ, ಮಾವಿನ ಹೂವು ಕೊಳೆಯುತ್ತಿದ್ದರೆ ಅದನ್ನೂ ಕೈಯಿಂದ ತೆಗೆಯಿರಿ. ಅಲ್ಲೂ ನೀರು ಹೋಗಲು ತೂತುಗಳಿವೆ. ಅವು ಮುಚ್ಚಿದರೆ ಮಳೆನೀರು ಗಾಳಿ ಪೆಟ್ಟಿಗೆಗೇ ಇಳಿಯುತ್ತದೆ.

ಕಾಯಿಲ್ ತೊಳೆಯಲು ಅದಕ್ಕೆಂದೇ ಮಾಡಿದ ನೊರೆ ಕ್ಲೀನರ್ ಸಿಗುತ್ತದೆ. ಡಬ್ಬಿ ಮೇಲೆ ಬರೆದಂತೆ ಹಾಕಿ, ಪೂರ್ತಿ ಇಳಿದು ಹೋಗಲು ಬಿಡಿ. ಫಿನಾಯಿಲ್, ಬ್ಲೀಚಿಂಗ್ ಪುಡಿ ಬೇಡವೇ ಬೇಡ. ಕಾಯಿಲ್ ಅಲ್ಯೂಮಿನಿಯಂ, ತಿಂದು ಹಾಕುತ್ತದೆ.

ಮತ್ತೆ ಬಾರದಿರಲು ಎರಡು ಅಭ್ಯಾಸ. ಮನೆ ಇನ್ನು ಐದು ನಿಮಿಷ ಇದೆ ಎನ್ನುವಾಗ ಎಸಿ ಆಫ್ ಮಾಡಿ, ಫ್ಯಾನ್ ಮಾತ್ರ ಓಡಲಿ. ವಾರಕ್ಕೊಮ್ಮೆ ಬಯಲಲ್ಲಿ ಕಾರು ನಿಲ್ಲಿಸಿ, ಎಂಜಿನ್ ಬಿಸಿ ಇದ್ದಾಗ ಎಸಿ ಆಫ್, ಹೀಟರ್ ಫುಲ್, ಒಳಗಾಳಿ ಗುಂಡಿ ಒತ್ತಿ, ಗಾಜು ಸ್ವಲ್ಪ ಇಳಿಸಿ ಹತ್ತು ನಿಮಿಷ ಬಿಡಿ. ಬಿಸಿ ಗಾಳಿಯೇ ತಿರುಗಿ ಬಂದು ಕೂಲಿಂಗ್ ಕಾಯಿಲ್ ಒಣಗಿಸುತ್ತದೆ. ಓಡಿಸುತ್ತಾ ಇದನ್ನು ಮಾಡಬೇಡಿ, ಗಾಜೆಲ್ಲ ಮಂಜಾಗುತ್ತದೆ.

ಇಲಿ

ಮಳೆಗೆ ಇಲಿಗಳೂ ಬೆಚ್ಚಗಿನ ಜಾಗ ಹುಡುಕುತ್ತವೆ. ಆಗತಾನೇ ಬಂದು ನಿಂತ ಕಾರಿಗಿಂತ ಬೆಚ್ಚಗಿನ ಜಾಗ ಕೊಟ್ಟಿಗೆಯಲ್ಲಿ ಯಾವುದಿದೆ? ಹೀಟರ್ ಹಾಕಿದೊಡನೆ ಮೂಗಿಗೆ ಚುಚ್ಚುವ ಮೂತ್ರದ ವಾಸನೆ ಬಂದರೆ ಗೂಡು ಇದೆ. ದಿನೇ ದಿನೇ ಏರುವ ಕೊಳೆತ ವಾಸನೆ, ಜೊತೆಗೆ ನೊಣ ಇದ್ದರೆ ಸತ್ತಿದೆ. ಫಿಲ್ಟರ್ ಪೆಟ್ಟಿಗೆ, ಬ್ಲೋವರ್ ಒಳಗೆ, ವೈಪರ್ ಕೆಳಗೆ, ಎಂಜಿನ್ ಮೇಲಿನ ಕವರಿನಡಿ, ಸೀಟಿನಡಿ, ಈ ಕ್ರಮದಲ್ಲಿ ಹುಡುಕಿ.

ಬರಿಗೈಯಲ್ಲಿ ಮುಟ್ಟಬೇಡಿ. ಇಲಿ ಮೂತ್ರದಿಂದ ಇಲಿ ಜ್ವರ ಬರುತ್ತದೆ. ನಮ್ಮ ಕಡೆಗೂ ಕರಾವಳಿಗೂ ಅದು ಹೊಸದಲ್ಲ. ಕೈಯಲ್ಲಿ ಗಾಯ ಇದ್ದರಂತೂ ಇನ್ನೂ ಹುಷಾರು. ಗ್ಲೌಸ್, ಮಾಸ್ಕ್ ಹಾಕಿ. ಒಣಗಿದ ಹಿಕ್ಕೆಯನ್ನು ಗುಡಿಸಬೇಡಿ, ಬ್ಲೋವರ್ ಹಾಕಿ ಊದಿಸಬೇಡಿ. ಮೊದಲು ಸೋಂಕು ನಿವಾರಕ ಸಿಂಪಡಿಸಿ ನೆನೆಸಿ, ಆಮೇಲೆ ಕಾಗದದಲ್ಲಿ ಒರೆಸಿ ಚೀಲಕ್ಕೆ ಹಾಕಿ ಕಟ್ಟಿ. ಫಿಲ್ಟರ್ ಎಸೆಯಿರಿ. ವೈರ್ ಕಡಿದಿದೆಯೇ ಎಂದೂ ನೋಡಿ.

ಹೊಗೆಸೊಪ್ಪು ಕಟ್ಟಿಡುವವರಿದ್ದಾರೆ. ಅಪ್ಪಯ್ಯನೂ ಇಡುತ್ತಿದ್ದರು. ನಾಲ್ಕು ದಿನಕ್ಕೆ ಘಾಟು ಹೋಗುತ್ತದೆ, ನನಗೆ ಅದರ ಮೇಲೆ ಭರವಸೆ ಇಲ್ಲ. ನಿಲ್ಲಿಸುವಾಗ ಒಳಗಾಳಿ ಗುಂಡಿ ಒತ್ತಿಟ್ಟು ಕೀಲಿ ತೆಗೆದರೆ ಹಲವು ಕಾರುಗಳಲ್ಲಿ ಹೊರಗಾಳಿಯ ಬಾಗಿಲು ಮುಚ್ಚಿಯೇ ಇರುತ್ತದೆ. ಗಾಳಿ ಬರುವ ಬಾಯಿಗೆ ಸ್ಟೀಲ್ ಬಲೆ ಹಾಕಿಸಿದರೆ ಇನ್ನೂ ಒಳ್ಳೆಯದು. ಕಾರಿನಲ್ಲಿ ಅಕ್ಕಿ ಕಾಳು, ಬಿಸ್ಕತ್ತಿನ ಪುಡಿ ಉಳಿಸಬೇಡಿ.

ಸುಟ್ಟ ವಾಸನೆ

ತುಂಬ ದಿನದ ಮೇಲೆ ಹೀಟರ್ ಹಾಕಿದಾಗ ಐದು ನಿಮಿಷ ಬಿಸಿ ಧೂಳಿನ ವಾಸನೆ ಬಂದು ಹೋದರೆ ಬಿಟ್ಟುಬಿಡಿ. ಪ್ಲಾಸ್ಟಿಕ್ ಅಥವಾ ವೈರ್ ಸುಟ್ಟ ವಾಸನೆ ಬೇರೆ. ಅದು ಬಂದ ಕೂಡಲೇ ಬ್ಲೋವರ್ ಆಫ್ ಮಾಡಿ, ಕಾರು ಬದಿಗೆ ಹಾಕಿ. ಹೊಗೆ ಕಂಡರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿದರೆ ಬೆಂಕಿ ಏಳುತ್ತದೆ.

ಇಂಥ ವಾಸನೆಗೆ ಸಾಮಾನ್ಯ ಕಾರಣ ಬ್ಲೋವರಿನ ವೇಗ ಹೊಂದಿಸುವ ರೆಸಿಸ್ಟರ್, ಇಲ್ಲವೇ ಅದರ ಕರಗಿದ ಕನೆಕ್ಟರ್. ಫ್ಯಾನ್ 1, 2, 3ರಲ್ಲಿ ತಿರುಗದೆ ಕೊನೆಯ ವೇಗದಲ್ಲಿ ಮಾತ್ರ ತಿರುಗುತ್ತಿದೆಯೇ? ಹಾಗಾದರೆ ಬಹುಪಾಲು ರೆಸಿಸ್ಟರೇ. ಬದಲಿಸುವಾಗ ಕನೆಕ್ಟರ್ ಕಂದಿದ್ದರೆ ಅದನ್ನೂ ಬದಲಿಸಿ. ಜೊತೆಗೆ ಫ್ಯಾನ್ ಬೇರಿಂಗ್ ಬಿಗಿಯಾಗಿದೆಯೇ ನೋಡಿಸಿ. ಬಿಗಿಯಾದ ಫ್ಯಾನ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಹೊಸ ರೆಸಿಸ್ಟರನ್ನೂ ಸುಡುತ್ತದೆ. ಫ್ಯೂಸ್ ಹೋಗುತ್ತಿದೆ ಅಂತ ದೊಡ್ಡ ಆಂಪಿಯರಿನ ಫ್ಯೂಸ್ ಹಾಕಲು ಯಾರೇ ಹೇಳಿದರೂ ಒಪ್ಪಬೇಡಿ. ಎಲೆಕ್ಟ್ರಿಕ್ ಕಾರಿನಲ್ಲಿ ಹೀಟರ್ ದೊಡ್ಡ ಬ್ಯಾಟರಿಯ ಹೈವೋಲ್ಟೇಜಿನಿಂದ ನಡೆಯುತ್ತದೆ. ಅಲ್ಲಿ ನಾವು ಕೈ ಹಾಕುವ ಹಾಗೇ ಇಲ್ಲ.

ಕಾವಲಿ ಮೇಲೆ ಎಣ್ಣೆ ಸುಟ್ಟಂಥ ವಾಸನೆ, ಅದೂ ನಿಂತಾಗ ಜಾಸ್ತಿ, ಓಡುವಾಗ ಕಡಿಮೆ, ಒಳಗಾಳಿ ಗುಂಡಿ ಒತ್ತಿದರೆ ಇಳಿಯುತ್ತದೆ ಎಂದರೆ ಹೀಟರ್ ತಪ್ಪಲ್ಲ. ಎಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗಿನಿಂದ ಆಯಿಲ್ ಸೋರಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿದೆ. ಸರ್ವಿಸ್ ಮಾಡಿಸಿದ ಮರುದಿನ ಬಂದರೆ ಚೆಲ್ಲಿದ ಆಯಿಲ್ ಇರಬಹುದು, ಒಂದೆರಡು ದಿನದಲ್ಲಿ ಹೋಗುತ್ತದೆ. ಆಗುಂಬೆ ಘಾಟಿ ಹತ್ತುವಾಗ ಮಾತ್ರ ಬರುವ ಖಾರ ಸುಟ್ಟ ವಾಸನೆ ಕ್ಲಚ್ ಪ್ಲೇಟಿನದು. ಅರ್ಧ ಕ್ಲಚ್ಚಿನಲ್ಲಿ ಕಾರು ಹಿಡಿದು ನಿಲ್ಲಿಸುವುದನ್ನು ಬಿಟ್ಟರೆ ಅದೂ ನಿಲ್ಲುತ್ತದೆ. ಪ್ಲಾಸ್ಟಿಕ್ ಚೀಲ ಸೈಲೆನ್ಸರಿಗೆ ಅಂಟಿಕೊಂಡಿದ್ದರೂ ಸುಟ್ಟ ವಾಸನೆಯೇ, ಒಮ್ಮೆ ಬಗ್ಗಿ ನೋಡಿ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಚಾರ್ಜಿಂಗ್ ಪರೀಕ್ಷಿಸಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 14 ವೋಲ್ಟ್ ಆಸುಪಾಸು ಇರಬೇಕು. 15 ದಾಟುತ್ತಿದ್ದರೆ ಬ್ಯಾಟರಿ ಕುದಿಯುತ್ತಿದೆ. ಅದು ಸರಿ ಇದ್ದರೆ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನೋಡಿಸಿ.

ಬೆಲ್ಲದ ವಾಸನೆ

ಇನ್ನು ನನ್ನ ಕಾರಿನ ವಿಷಯ. ಸಿಹಿ ವಾಸನೆ ಎಂದರೆ ಕೂಲೆಂಟ್. ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ಬಿಸಿಯಾದಾಗ ಹಾಗೆ ಸಿಹಿಯಾಗಿ ಬರುತ್ತದೆ. ಅದು ವಿಷ. ನೆಲಕ್ಕೆ ಸೋರಿದ್ದನ್ನು ನಾಯಿ, ಬೆಕ್ಕು ನೆಕ್ಕಿದರೆ ಬದುಕುವುದು ಕಷ್ಟ. ಮಕ್ಕಳಿರುವ ಮನೆಯಲ್ಲೂ ಎಚ್ಚರ ಬೇಕು. ನೆಕ್ಕಿ ನೋಡಿ ಪರೀಕ್ಷೆ ಮಾಡುವ ಕೆಲಸ ಬೇಡ.

ಮೂರು ವಾರದಲ್ಲಿ ನನ್ನ ಕಾರು ಎಲ್ಲ ಗುರುತನ್ನೂ ತೋರಿಸಿತ್ತು, ನಾನು ಓದಲಿಲ್ಲ. ಮುಂದಿನ ಗಾಜಿನ ಒಳಮೈಗೆ ಜಿಡ್ಡಿನಂಥ ಮಂಜು ಕಟ್ಟುತ್ತಿತ್ತು. ಬಟ್ಟೆಯಲ್ಲಿ ಒರೆಸಿದರೆ ಹರಡುತ್ತಿತ್ತು, ಸೋಪಿನ ನೀರಲ್ಲಿ ಒರೆಸಿದರೆ ಹೋಗಿ ಎರಡು ದಿನಕ್ಕೆ ಮತ್ತೆ ಬರುತ್ತಿತ್ತು. ಹೆಂಡತಿ ಕೂರುವ ಎಡಗಡೆಯ ಮ್ಯಾಟ್ ಕೆಳಗೆ ತೇವ ಇತ್ತು. ಮಳೆ ಕೊಡೆಯದ್ದು ಎಂದುಕೊಂಡೆ. ಬಾನೆಟ್ ಒಳಗಿನ ಕೂಲೆಂಟ್ ಬಾಟಲಿಯನ್ನು ಮಾತ್ರ ಯಾರೂ ನೋಡಿರಲಿಲ್ಲ. ನೋಡಿದಾಗ ಕೆಳಗಿನ ಗೆರೆಗಿಂತ ಎರಡು ಬೆರಳು ಕೆಳಗಿತ್ತು.

ನೀವು ಹೀಗೆ ಮಾಡಿ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಬಾಟಲಿಯ ಮಟ್ಟಕ್ಕೆ ಟೇಪ್ ಅಂಟಿಸಿ ಗುರುತು ಹಾಕಿ. ನಾಲ್ಕೈದು ದಿನ ದಿನವೂ ಅದೇ ಹೊತ್ತಿಗೆ ನೋಡಿ. ಎಡಗಡೆಯ ಮ್ಯಾಟ್ ಎತ್ತಿ ಬಿಳಿ ಟಿಶ್ಯೂ ಒತ್ತಿ ಹಿಡಿಯಿರಿ. ಎಸಿ ನೀರಾದರೆ ಬಣ್ಣ ಇಲ್ಲ, ಬೆರಳಿಗೆ ಬರೀ ನೀರು. ಕೂಲೆಂಟ್ ಆದರೆ ಹಸಿರೋ ಕೆಂಪೋ ಬಣ್ಣ, ಬೆರಳಿನ ನಡುವೆ ಜಾರುತ್ತದೆ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒಳಗಿನ ಒತ್ತಡಕ್ಕೆ ಕುದಿಯುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ.

"ಹೀಟರ್ ಹಾಕದಿದ್ದರೆ ಆಯ್ತಲ್ಲ" ಎಂದು ನಾನೂ ಯೋಚಿಸಿದ್ದೆ. ಆಗಲೇ ಹೇಳಿದ ಮಾತು ಇಲ್ಲಿ ಬೇಕು: ಗುಂಡಿ ತಣ್ಣಗೆ ತಿರುಗಿಸಿದರೂ ಹೆಚ್ಚಿನ ಕಾರುಗಳಲ್ಲಿ ಕೂಲೆಂಟ್ ಆ ಕಾಯಿಲ್ ಒಳಗೆ ಹರಿಯುತ್ತಲೇ ಇರುತ್ತದೆ, ಸೋರುತ್ತಲೂ ಇರುತ್ತದೆ. ಕೂಲೆಂಟ್ ಖಾಲಿಯಾದರೆ ಎಂಜಿನ್ ಕಾದು ಹೆಡ್ ಪ್ಯಾಕಿಂಗ್ (ಎಂಜಿನ್ನಿನ ತಲೆಭಾಗ ಕೂರುವಲ್ಲಿನ ಸೀಲ್) ಹೋಗುತ್ತದೆ. ಆಮೇಲಿನ ಖರ್ಚು ಬೇರೆಯೇ.

ಗ್ಯಾರೇಜಿನಲ್ಲಿ ಕೇಳಬೇಕಾದ್ದು ಒಂದೇ: "ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ಪ್ರೆಶರ್ ಟೆಸ್ಟ್ ಮಾಡಿ." ತಣ್ಣಗಿನ ಎಂಜಿನ್ನಿನ ರೇಡಿಯೇಟರ್ ಬಾಯಿಗೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಡುತ್ತಾರೆ. ಅದು ಸಾಮಾನ್ಯವಾಗಿ 1 ಬಾರ್ ಆಸುಪಾಸು. ಹದಿನೈದು ನಿಮಿಷದಲ್ಲಿ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ, ಟಾರ್ಚ್ ಹಿಡಿದು ಹುಡುಕಬೇಕು. ಊರಿನ ನಮ್ಮ ಮೆಕ್ಯಾನಿಕ್ ಎಡಗಡೆ ಕಾಲಿಡುವ ಜಾಗದಲ್ಲಿ ತಲೆ ತೂರಿಸಿ ಮಲಗಿ, "ಸಾರ್, ಕಾಯಿಲ್ ಚೆನ್ನಾಗಿದೆ, ಪೈಪ್ ಸೇರುವಲ್ಲಿ ರಬ್ಬರ್ ರಿಂಗ್ ಹೋಗಿದೆ" ಎಂದರು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚುವ ಕೆಲಸ ತಪ್ಪಿತು. ಎಲ್ಲರಿಗೂ ಹಾಗೇ ಆಗುತ್ತದೆ ಎನ್ನಲಾರೆ. ಕಾಯಿಲ್ಲೇ ತೂತಾಗಿದ್ದರೆ ಬದಲಿಸಬೇಕು, ಅದು ಒಂದು ದಿನದ ಕೆಲಸ. ಭಾಗ ಬರುವವರೆಗೆ ಎಂಜಿನ್ ಕಡೆಯ ಎರಡು ಹೋಸ್‌ಗಳನ್ನು ಒಂದಕ್ಕೊಂದು ಸೇರಿಸಿ ಹೀಟರನ್ನು ಬೈಪಾಸ್ ಮಾಡಿಸಿಕೊಳ್ಳಬಹುದು. ಹೀಟರ್ ಇರುವುದಿಲ್ಲ, ಆದರೆ ಎಂಜಿನ್ ಉಳಿಯುತ್ತದೆ. ಸೋರಿಕೆ ನಿಲ್ಲಿಸುವ ಪುಡಿ ಹಾಕಬೇಡಿ. ಕಾಯಿಲ್ಲಿನ ಸಣ್ಣ ಕೊಳವೆಗಳೇ ಮೊದಲು ಕಟ್ಟಿಕೊಳ್ಳುತ್ತವೆ.

ಬಾವಿ ನೀರು, ಬೋರ್ ನೀರು ಸುರಿಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ನಾನೂ ಸುರಿದವನೇ. ಅದರ ಲವಣ, ತುಕ್ಕು ಸೇರಿ ಕಾಯಿಲ್ ಕೆಡುತ್ತದೆ. ಕಂಪನಿ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ಡಿಸ್ಟಿಲ್ಡ್ ನೀರಿನ ಜೊತೆ ಹೇಳಿದ ಅಳತೆಯಲ್ಲಿ ಹಾಕಿ. ಬಣ್ಣ ಒಂದೇ ಅಂತ ಬೇರೆ ಬಗೆಯದ್ದು ಬೆರೆಸಬೇಡಿ.

ರಿಪೇರಿ ಆದ ಮೇಲೆ ಒಳಗೆ ಸೇರಿದ ಗಾಳಿ ತೆಗೆಸುವುದು ಮರೆಯಬೇಡಿ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಶಬ್ದ, ಹೀಟರ್ ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಬಂದರೆ ಗಾಳಿ ಇನ್ನೂ ಇದೆ. ಮ್ಯಾಟಿನ ಕೆಳಗಿನ ಸ್ಪಂಜು ಕೂಲೆಂಟ್ ಕುಡಿದಿರುತ್ತದೆ. ಅದನ್ನು ಎತ್ತಿ ತೊಳೆದು ಒಣಗಿಸದಿದ್ದರೆ ಸೋರಿಕೆ ನಿಂತರೂ ವಾಸನೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಬಿಸಿಲೆಲ್ಲಿ? ನಾವು ಅಡಿಕೆ ಒಣಗಿಸುವ ಡ್ರೈಯರ್ ಮನೆಯಲ್ಲಿ ಎರಡು ದಿನ ನೇತುಹಾಕಿದೆವು. ಫಿಲ್ಟರ್ ಮತ್ತೆ ಹೊಸದು, ಗಾಜು ಸೋಪಿನ ನೀರಲ್ಲಿ ಎರಡು ಸಲ. ಒಂದು ವಾರ ಮಂದವಾಗಿ ವಾಸನೆ ಉಳಿದಿತ್ತು, ಆಮೇಲೆ ಪೂರ್ತಿ ಹೋಯಿತು. ಬಾಟಲಿಯ ಟೇಪ್ ಗುರುತನ್ನು ಎರಡು ವಾರ ನೋಡಿದೆ. ಮಟ್ಟ ಇಳಿಯಲಿಲ್ಲ. ಟೇಪ್ ಈಗಲೂ ಅಲ್ಲೇ ಇದೆ, ಭಾನುವಾರ ಬಾನೆಟ್ ಎತ್ತಿದಾಗ ಒಮ್ಮೆ ನೋಡುತ್ತೇನೆ.